ಬಾಯಲ್ಲಿ ಕಬ್ಬಿಣ ಇಲ್ಲದ ಲಗಾಮು: ಬೋಸಾಲ್‌ಗೆ ಹಗ್ಗ ಕಟ್ಟೋದು ಹೇಗೆ

ಕಡಿವಾಣ ಇಲ್ಲದೆ ಕುದುರೆ ಹತ್ಬೇಕು ಅಂತ ಆಸೆಪಟ್ಟು ಬೋಸಾಲ್ ಅನ್ನೋ ಮೂಗುಪಟ್ಟಿ ತರಿಸ್ಕೊಂಡೋರು ಸುಮಾರು ಜನ ಸಿಗ್ತಾರೆ, ಪಾರ್ಸಲ್ ಬಿಚ್ಚಿದ್ ಮೇಲೆ ಎಲ್ರಿಗೂ ಬರೋ ಪ್ರಶ್ನೆ ಒಂದೇ, ಇಷ್ಟುದ್ದ ಹಗ್ಗಾನ ಈ ಪುಟ್ಟ ಬಳೆಗೆ ಎಲ್ಲಿಂದ ಎಲ್ಲಿಗೆ ಸುತ್ತೋದು? ಫೋಟೋ ನೋಡ್ಕೊಂಡು ಸುತ್ತಿರ್ತಾರೆ, ನೋಡೋಕೆ ಚೆನ್ನಾಗೇ ಇರತ್ತೆ, ಆದ್ರೆ ಕುದುರೆ ತಲೆ ಕೊಡವ್ತಾ ಇರತ್ತೆ ಇಲ್ಲ ಲಗಾಮು ಎಳೆದ್ರೂ ಏನೂ ಆಗಿಲ್ಲ ಅನ್ನೋ ಹಾಗೆ ಹೋಗ್ತಾ ಇರತ್ತೆ. ಯಾಕಂದ್ರೆ ಆ ಸುತ್ತುಗಳು ಹಗ್ಗ ಬಿಚ್ಚಿಹೋಗದೆ ಇರ್ಲಿ ಅಂತ ಹಾಕೋದಷ್ಟೇ ಅಲ್ಲ, ಕುದುರೆ ಮೂತಿಗೆ ಬೋಸಾಲ್ ಅಳತೆ ಕೂರಿಸೋದೇ ಆ ಸುತ್ತುಗಳಿಂದ. ಒಂದು ಸುತ್ತು ಹೆಚ್ಚಾದ್ರೆ ಬೋಸಾಲ್ ಬಿಗಿ, ಒಂದು ಕಮ್ಮಿ ಆದ್ರೆ ಲೂಸು. ಅದಕ್ಕೇ ಬೇರೆಯವರ ಕುದುರೆ ಫೋಟೋದಲ್ಲಿ ಮೂರು ಸುತ್ತು ಇದೆ ಅಂತ ನೀವೂ ಮೂರು ಹಾಕಿದ್ರೆ ಪ್ರಯೋಜನ ಇಲ್ಲ.

ಮೊದ್ಲು ಸಾಮಾನು ಏನೇನು ಅಂತ ನೋಡೋಣ. ಬೋಸಾಲ್ ಅಂದ್ರೆ ಹಸಿ ಚರ್ಮದ ಎಳೆಗಳನ್ನ ಹೆಣೆದು ಮಾಡಿದ, ನೀರಿನ ಹನಿ ಆಕಾರದ ಮೂಗುಪಟ್ಟಿ. ಮುಂದೆ ಮೂಗಿನ ಮೇಲೆ ಕೂರೋ ಕಡೆ ದಪ್ಪಗೆ ಹೆಣೆದಿರತ್ತೆ, ಅದಕ್ಕೆ ನೋಸ್ ಬಟನ್ ಅಂತಾರೆ. ಅಲ್ಲಿಂದ ಎರಡು ಕೈ ಕೆನ್ನೆ ಪಕ್ಕ ಇಳಿದು ಗದ್ದದ ಕೆಳಗೆ ಸೇರ್ಕೊಳ್ಳತ್ತೆ, ಸೇರೋ ಜಾಗದಲ್ಲಿ ನಿಂಬೆಹಣ್ಣಿನ ಗಾತ್ರದ ಗಟ್ಟಿ ಗಂಟು, ಅದು ಹೀಲ್ ನಾಟ್. ಇದನ್ನ ತಲೆ ಮೇಲಿಂದ ಹಿಡ್ಕೊಂಡಿರೋ ತೆಳ್ಳನೆ ಚರ್ಮದ ಪಟ್ಟಿ ಹ್ಯಾಂಗರ್. ಇನ್ನು ಹಗ್ಗಕ್ಕೆ ಮೆಕಾಟೆ ಅಂತಾರೆ, ಸಾಮಾನ್ಯವಾಗಿ 22 ಅಡಿ, ನಮ್ಮ ಲೆಕ್ಕದಲ್ಲಿ ಮೂರೂವರೆ ಮಾರಿಗಿಂತ ಸ್ವಲ್ಪ ಜಾಸ್ತಿ. ಒಂದು ತುದೀಲಿ ಕುಚ್ಚು, ಇನ್ನೊಂದು ತುದೀಲಿ ಕೆಲವಕ್ಕೆ ಚರ್ಮದ ಪಟ್ಟಿ ಹೊಲಿದಿರತ್ತೆ. ಇದರಲ್ಲಿ ಬೇರೆ ಬೇರೆ ಲಗಾಮು, ಬೇರೆ ಹಿಡಿಯೋ ಹಗ್ಗ ಅಂತ ಇರಲ್ಲ, ಒಂದೇ ಹಗ್ಗದಲ್ಲಿ ಎರಡು ಕೈಗೂ ಲಗಾಮು, ಜೊತೆಗೆ ಕುದುರೆ ಹಿಡ್ಕೊಂಡು ನಡೆಯೋಕೆ ಎಡಗಡೆ ಉಳಿಯೋ ಉದ್ದನೆ ಬಾಲ. ಅಮೆರಿಕದ ಕ್ವಾರ್ಟರ್ ಹಾರ್ಸ್ ಅನ್ನೋ ತಳಿಯ ಸಂಘದ ಶೋ ರೂಲಲ್ಲೂ ಬೋಸಾಲ್ ಹಾಕಿದ್ರೆ ಪೂರ್ತಿ ಮೆಕಾಟೆನೇ ಇರ್ಬೇಕು, ಆ ಬಾಲಾನೂ ಇರ್ಬೇಕು ಅಂತ ಇದೆ.

ಸರ್ಚ್ ಮಾಡೋವಾಗ ಒಂದು ಎಚ್ಚರ. ಬೋಸಾಲ್ ಹಾಕಿ ಕಟ್ಟಿದ ಈ ಲಗಾಮಿಗೆ ಹ್ಯಾಕಮೋರ್ ಅಂತಾನೂ ಹೆಸರು, ಆದ್ರೆ ಆ ಹೆಸರಲ್ಲಿ ಹುಡುಕಿದ್ರೆ ಎರಡು ಕಡೆ ಉದ್ದ ಕಬ್ಬಿಣದ ಕಡ್ಡಿ, ಗದ್ದದ ಕೆಳಗೆ ಚೈನು ಇರೋದೂ ಬರತ್ತೆ, ಅದು ಮೆಕ್ಯಾನಿಕಲ್ ಹ್ಯಾಕಮೋರ್. ಬಾಯಲ್ಲಿ ಏನೂ ಇಲ್ಲ ನಿಜ, ಆದ್ರೆ ಅದು ಸನ್ನೆಕೋಲು ಥರ ಕೆಲಸ ಮಾಡತ್ತೆ, ಕೈ ಭಾರ ಇದ್ರೆ ಮೂಗಿನ ಮೇಲೆ ಒತ್ತಡ ಜೋರಾಗೇ ಬೀಳತ್ತೆ. ನಾನು ಇಲ್ಲಿ ಹೇಳ್ತಿರೋದು ಅದರ ಬಗ್ಗೆ ಅಲ್ಲ.

ಈ ಪದ್ಧತಿ ಕ್ಯಾಲಿಫೋರ್ನಿಯಾದ ವಕೇರೋಗಳದ್ದು, ಅಂದ್ರೆ ಸ್ಪ್ಯಾನಿಷ್ ಕಾಲದಿಂದ ಅಲ್ಲಿ ದನ ಮೇಯಿಸ್ತಿದ್ದ ಕುದುರೆ ಸವಾರರದ್ದು. ಅವರ ಲೆಕ್ಕ ತುಂಬಾ ಸರಳ, ಕುದುರೆಗೆ ಎರಡೂವರೆ ವರ್ಷದಿಂದ ನಾಲ್ಕೂವರೆ ವರ್ಷದ ತನಕ ಮುಂದಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರ್ತಾ ಇರತ್ತೆ, ಆ ಟೈಮಲ್ಲಿ ಬಾಯಿಗೆ ಕಬ್ಬಿಣ ಯಾಕೆ ಹಾಕ್ಬೇಕು, ಮೂಗಿಂದಾನೇ ಕಲಿಸೋಣ ಅಂತ. ಶುರುಗೆ ದಪ್ಪ ಬೋಸಾಲ್, ಕಲಿತಾ ಕಲಿತಾ ತೆಳ್ಳಂದು, ಆಮೇಲೆ ತೆಳ್ಳನೆ ಬೋಸಾಲ್ ಜೊತೆಗೆ ಕಡಿವಾಣ ಎರಡೂ ಒಟ್ಟಿಗೆ, ಕೊನೆಗೆ ಬರೀ ಕಡಿವಾಣ. ಇದಕ್ಕೆಲ್ಲ ವರ್ಷಗಟ್ಲೆ ಹಿಡೀತಿತ್ತು, ಅವರಿಗೆ ಅವಸರ ಇರ್ಲಿಲ್ಲ. ಹಸಿ ಚರ್ಮ ಹೆಣೆಯೋದೂ ಅಲ್ಲಿ ದೊಡ್ಡ ಕಲೆ, ಲೂಯಿಸ್ ಒರ್ಟೆಗಾ ಅನ್ನೋರು ಹೆಣೆದ ಸಾಮಾನನ್ನ ಇವತ್ತು ಉಪಯೋಗಿಸೋರಿಗಿಂತ ಗಾಜಿನ ಪೆಟ್ಟಿಗೇಲಿ ಇಟ್ಕೊಳ್ಳೋರೇ ಜಾಸ್ತಿ.

ನಮ್ಮಲ್ಲಿ ಕಥೆ ಬೇರೆ. ಮದುವೆ ಕುದುರೆ, ಟಾಂಗಾ ಕುದುರೆ ಬಾಯಲ್ಲಿ ಮುಳ್ಳಿನ ಕಡಿವಾಣ ನೋಡಿರ್ತೀರ, ಎರಡೂ ಕಡೆ ಚೂಪು ಮೊಳೆ ಥರ ಇರತ್ತಲ್ಲ ಅದು. 1965ರ ಹೊರೆ ಹೊರೋ, ಗಾಡಿ ಎಳೆಯೋ ಪ್ರಾಣಿಗಳ ಹಿಂಸೆ ತಡೆ ನಿಯಮದಲ್ಲೇ ಮುಳ್ಳು ಇರೋ ಕಡಿವಾಣ ಹಾಕೋ ಹಾಗಿಲ್ಲ ಅಂತ ಇದೆ, ಆದ್ರೂ ಇನ್ನೂ ಸಿಗತ್ತೆ. ಅಂಥ ಕೈಯಿಂದ ಬಂದ ಕುದುರೆಗಳ ಬಾಯಿ ಒಳಗೆ ಹಳೇ ಗಾಯದ ಗುರುತು ಇರತ್ತೆ, ಅಂಥವಕ್ಕೆ ಬೋಸಾಲೋ ಹಗ್ಗದ ಹಾಲ್ಟರೋ (ಕುದುರೆ ಹಿಡಿಯೋಕೆ, ಕಟ್ಟೋಕೆ ತಲೆಗೆ ಹಾಕೋದು) ಹಾಕಿ ಹೊಸದಾಗಿ ಕಲಿಸೋದು ಒಳ್ಳೇ ದಾರಿ ಅನ್ನೋದು ನನ್ ಅಭಿಪ್ರಾಯ. ನಮ್ ಸ್ಟೇಬಲ್‌ನ ಸೈಸ್, ಅಂದ್ರೆ ಕುದುರೆ ನೋಡ್ಕೊಳ್ಳೋರು ಒಬ್ರು, ಮೊದಲ್ನೇ ಸಲ ಇದನ್ನ ನೋಡಿ "ಮೇಡಂ, ಬಾಯಲ್ಲಿ ಏನೂ ಇಲ್ದೆ ಇದು ನಿಲ್ಲತ್ತಾ?" ಅಂದ್ರು. ನಿಲ್ಲತ್ತೆ, ಕಲಿಸಿದ್ರೆ. ಕಲಿಸ್ದೇ ಇದ್ರೆ ಬಾಯಲ್ಲಿ ಏನಿದ್ರೂ ನಿಲ್ಲಲ್ಲ.

ಈಗ ಹಗ್ಗ ಆರಿಸೋದು. ನಿಜವಾದ ಮೆಕಾಟೆ ಕುದುರೆ ಕೂದಲಲ್ಲಿ ಹೊಸೆದಿರೋದು. ಜೂಲಿನ ಕೂದಲಾದ್ರೆ ಮೆತ್ತಗೆ, ಬಾಲದ ಕೂದಲಾದ್ರೆ ಒರಟು, ಚುಚ್ಚತ್ತೆ. ಆ ಚುಚ್ಚೋದ್ರಿಂದಾನೇ ಕುತ್ತಿಗೆಗೆ ಹಗ್ಗ ತಾಗಿದ ತಕ್ಷಣ ಕುದುರೆಗೆ ಗೊತ್ತಾಗಿ ಆ ಕಡೆಯಿಂದ ಸರಿಯತ್ತೆ, ಆದ್ರೆ ನಿಮ್ ಕೈಗೂ ಚುಚ್ಚತ್ತೆ, ಗ್ಲೌಸ್ ಬೇಕು. ಇಲ್ಲಿ ಇದು ಸುಲಭಕ್ಕೆ ಸಿಗಲ್ಲ, ತರಿಸಿದ್ರೆ ದುಬಾರಿ. ಅದಕ್ಕೆ ದೋಣಿಗೆ ಬಳಸೋ ಹೆಣೆದ ಪಾಲಿಯೆಸ್ಟರ್ ಹಗ್ಗ ತಗೊಳ್ಳಿ, 12 ಇಲ್ಲ 14 ಮಿಲಿಮೀಟರ್, ಸ್ವಲ್ಪ ತೂಕ ಇರೋದು. ತೂಕ ಯಾಕೆ ಬೇಕು ಅಂದ್ರೆ ನೀವು ಕೈ ಸಡಿಲ ಬಿಟ್ಟ ತಕ್ಷಣ ಹಗ್ಗ ತನ್ನ ಭಾರಕ್ಕೆ ತಾನೇ ಇಳೀಬೇಕು, ಬೋಸಾಲ್‌ನ ಹಿಂಭಾಗ ಗದ್ದ ಬಿಟ್ಟು ಕೆಳಗೆ ಬರ್ಬೇಕು, ಕುದುರೆಗೆ ಅದೇ ಶಭಾಷ್. ಹಗುರ ನೈಲಾನ್ ಹಗ್ಗ, ಅಂಗಡೀಲಿ ಹಳದಿ ಬಣ್ಣದ್ದು ಬಟ್ಟೆ ಒಣಗ್ಹಾಕೋಕೆ ಕೊಡ್ತಾರಲ್ಲ ಅದು, ಖಂಡಿತ ಬೇಡ, ಜಾರತ್ತೆ, ಸುತ್ತು ನಿಲ್ಲಲ್ಲ, ಕೈಯಿಂದ ಎಳೆದುಕೊಂಡು ಹೋದ್ರೆ ಅಂಗೈ ಸುಟ್ಟುಹೋಗತ್ತೆ. ಹತ್ತಿ ಹಗ್ಗ ಕೈಗೆ ಹಿತ, ಆದ್ರೆ ಮಳೇಲಿ ನೆನೆದ್ರೆ ಗಂಟು ಉಬ್ಬಿ ಬಿಚ್ಚೋಕೆ ಬರಲ್ಲ.

ದಪ್ಪದ ಲೆಕ್ಕ ಹೀಗೆ, ಹಗ್ಗ ಬೋಸಾಲ್‌ನಷ್ಟೇ ದಪ್ಪ ಇರ್ಬೇಕು ಇಲ್ಲ ಒಂಚೂರು ಕಮ್ಮಿ. ಶುರುಗೆ ಜಾಸ್ತಿ ಜನ ಹಾಕೋದು 5/8 ಇಂಚಿನ ಬೋಸಾಲ್, ಅದಕ್ಕೆ ಅರ್ಧ ಇಂಚಿನ ಹಗ್ಗ ಸರಿಹೋಗತ್ತೆ. ಬೋಸಾಲ್ ತಗೊಳ್ಳೋವಾಗ ಒಳಗಿನ ತಿರುಳು ಏನು ಅಂತ ಕೇಳಿ, ಅದೂ ಹಸಿ ಚರ್ಮದ್ದೇ ಆಗಿರ್ಬೇಕು. ಕಮ್ಮಿ ರೇಟಿನವಕ್ಕೆ ಸ್ಟೀಲ್ ಕೇಬಲ್ ಹಾಕಿರ್ತಾರೆ, ಬಗ್ಗಿಸಿ ಬಿಟ್ರೆ ಟಣ್ ಅಂತ ವಾಪಸ್ ಬರತ್ತೆ, ಕುದುರೆ ಮೂಗಿನ ಆಕಾರಕ್ಕೆ ಯಾವತ್ತೂ ಹೊಂದ್ಕೊಳ್ಳಲ್ಲ.

ಸರಿ, ಕಟ್ಟೋಣ. ಮೊದಲ್ನೇ ಸಲ ಕುದುರೆ ಮುಖದ ಮೇಲೆ ಇಟ್ಕೊಂಡು ಕಟ್ಟೋಕೆ ಹೋಗ್ಬೇಡಿ, ಕುರ್ಚಿ ಮೇಲೆ ಕೂತು ತೊಡೆ ಮೇಲೆ ಇಟ್ಕೊಂಡು ಕಟ್ಟಿ. ಹೀಲ್ ನಾಟ್ ನಿಮ್ಮ ಹೊಟ್ಟೆ ಕಡೆ, ನೋಸ್ ಬಟನ್ ಆಚೆ ಕಡೆ. ಹೀಗೆ ಹಿಡಿದ್ರೆ ನೀವು ಕುದುರೆ ಮೇಲೆ ಕೂತು ನೋಡಿದ ಹಾಗೇ, ನಿಮ್ಮ ಎಡ ಕುದುರೆದೂ ಎಡ, ಗೊಂದಲ ಇಲ್ಲ.

ಕುಚ್ಚಿರೋ ತುದಿ ತಗೊಂಡು ಬೋಸಾಲ್‌ನ ಎರಡು ಕೈಗಳ ನಡುವೆ, ಹೀಲ್ ನಾಟ್‌ಗೆ ಅಂಟಿಕೊಂಡ ಹಾಗೆ, ಮೇಲಿಂದ ಕೆಳಕ್ಕೆ ತೂರಿಸಿ. ಕುಚ್ಚು ಕೆಳಗಡೆ ಒಂದು ನಾಲ್ಕು ಬೆರಳು ನೇತಾಡೋ ಅಷ್ಟು ಬಿಡಿ. ಈಗ ಮೇಲುಗಡೆ ಉಳಿದಿರೋ ಉದ್ದ ಹಗ್ಗಾನ ಬೋಸಾಲ್‌ನ ಎಡಗಡೆ ಕೈ ಮೇಲಿಂದ ಹೊರಗೆ ಇಳಿಸಿ, ಎರಡೂ ಕೈಗಳ ಅಡಿಯಿಂದ ಬಲಕ್ಕೆ ತಂದು, ಬಲಗಡೆಯಿಂದ ಮೇಲೆತ್ತಿ ಮತ್ತೆ ಎಡಕ್ಕೆ. ಒಂದು ಸುತ್ತು ಆಯ್ತು. ನೆನಪಿಟ್ಕೊಳ್ಳೋಕೆ, ಮೇಲುಗಡೆ ಹಗ್ಗ ಯಾವಾಗ್ಲೂ ಬಲದಿಂದ ಎಡಕ್ಕೆ, ಅಡಿಗಡೆ ಎಡದಿಂದ ಬಲಕ್ಕೆ, ಕೊನೇ ತನಕ ಇದೇ. ಈ ಮೊದಲ್ನೇ ಸುತ್ತು ಕುಚ್ಚಿನ ಕತ್ತನ್ನ ಹೀಲ್ ನಾಟ್ ಕಡೆ ಒತ್ತಿ ಹಿಡ್ಕೊಂಡಿರ್ಬೇಕು, ಕುಚ್ಚು ಹಿಡಿದು ಜಗ್ಗಿ ನೋಡಿ, ಜಾರಿದ್ರೆ ಬಿಚ್ಚಿ ಮತ್ತೆ ಹಾಕಿ. ಇಲ್ಲಿ ಸಡಿಲ ಬಿಟ್ರೆ ಮೇಲೆ ಎಷ್ಟು ಬಿಗಿದ್ರೂ ಅರ್ಧ ಗಂಟೆ ಟ್ರಾಟ್ (ಕುಲುಕು ನಡಿಗೆಯ ಓಟ) ಮಾಡಿದ್ ಮೇಲೆ ಎಲ್ಲಾ ಅಲ್ಲಾಡತ್ತೆ.

ಆಮೇಲೆ ಎರಡ್ನೇ ಸುತ್ತು, ಬೇಕಿದ್ರೆ ಮೂರ್ನೇದು. ಬುಗುರಿಗೆ ಚಾಟಿ ಸುತ್ತಿದ ಹಾಗೆ ಒಂದರ ಪಕ್ಕ ಒಂದು ಒತ್ತಾಗಿ ಕೂರ್ಬೇಕು, ಒಂದರ ಮೇಲೊಂದು ಹತ್ತಬಾರದು, ಹತ್ತಿದ್ರೆ ಆ ಉಬ್ಬು ನೇರವಾಗಿ ದವಡೆ ಮೂಳೆಗೆ ತಾಗತ್ತೆ. ಪ್ರತಿ ಸುತ್ತೂ ಹೀಲ್ ನಾಟ್ ಕಡೆಯಿಂದ ಮೂಗಿನ ಕಡೆಗೆ ಏರ್ತಾ ಹೋಗತ್ತೆ, ಅಂದ್ರೆ ಅರ್ಧ ಇಂಚಿನ ಹಗ್ಗ ಆದ್ರೆ ಒಂದೊಂದು ಸುತ್ತಿಗೂ ಬೋಸಾಲ್ ಒಳಗಿನ ಜಾಗ ಹೆಚ್ಚುಕಮ್ಮಿ ಅರ್ಧ ಇಂಚು ಕಮ್ಮಿ ಆಗತ್ತೆ. ಮೊದ್ಲೇ ಹೇಳಿದ ಅಳತೆ ಅಂದ್ರೆ ಇದೇ. ಈ ಬೋಸಾಲ್‌ಗಳನ್ನ ಮಾಡೋದು ಕ್ವಾರ್ಟರ್ ಹಾರ್ಸ್‌ನ ಅಗಲ ಮುಖ ನೋಡ್ಕೊಂಡು. ನಮ್ಮ ಕಾಠಿಯಾವಾಡಿ, ಮಾರ್ವಾಡಿ ಕುದುರೆಗಳ ಮೂತಿ ಕೆಳಗೆ ಬರ್ತಾ ಸಣ್ಣ ಆಗತ್ತೆ, ಹಾಗಾಗಿ ಅಲ್ಲಿಯವರು ಎರಡು ಸುತ್ತಲ್ಲಿ ಮುಗಿಸೋದು ನಮಗೆ ಮೂರೋ ನಾಲ್ಕೋ ಬೇಕಾಗತ್ತೆ. ನಾನು ಹತ್ತೋ ಕಾಠಿಯಾವಾಡಿ ಹೆಣ್ಣು ಕುದುರೆಗೆ ಲಗಾಮಿನ ಕೆಳಗೇ ಮೂರು ಸುತ್ತಿದೆ, ಅಮೆರಿಕದ ವಿಡಿಯೋ ನೋಡಿದೋರು ಇದು ಜಾಸ್ತಿ ಆಯ್ತಲ್ವಾ ಅಂತಾರೆ, ಬೆರಳು ಹಾಕಿ ನೋಡಿ ಅಂತೀನಿ.

ಈಗ ಲಗಾಮಿನ ಕುಣಿಕೆ. ಹಗ್ಗ ಅಡಿಗಡೆ ಎಡದಿಂದ ಬಲಕ್ಕೆ ಹೋಗ್ತಿರೋವಾಗ ಮಧ್ಯದಲ್ಲಿ ನಿಲ್ಲಿಸಿ, ಎರಡು ಕೈಗಳ ನಡುವಿನ ಸಂದಿಯಿಂದ ಹಗ್ಗಾನ ಮಡಚಿ ಮೇಲಕ್ಕೆ ಎಳ್ಕೊಳ್ಳಿ, ತುದಿ ಅಲ್ಲ, ಮಡಿಕೆ. ಎಳೀತಾ ಹೋದ ಹಾಗೆ ದೊಡ್ಡ ಕುಣಿಕೆ ಬರತ್ತೆ, ಅದೇ ನಿಮ್ಮ ಎರಡೂ ಕೈಯ ಲಗಾಮು. ಎಷ್ಟುದ್ದ? ಮಡಿಚಿದ ಹಾಗೇ ಮೂರು ಮೊಳಕ್ಕೆ ಸ್ವಲ್ಪ ಜಾಸ್ತಿ, ಅಂದ್ರೆ ನಾಲ್ಕೂವರೆಯಿಂದ ಐದಡಿ ಇಟ್ಕೊಂಡು ಶುರು ಮಾಡಿ, ಸರಿಯಾದ ಅಳತೆ ಕುದುರೆ ಮೇಲೆ ಜೀನು ಹಾಕಿದ್ ಮೇಲೇ ಗೊತ್ತಾಗೋದು. ಕುದುರೆ ಆರಾಮಾಗಿ ತಲೆ ಇಟ್ಕೊಂಡಿರೋವಾಗ ಕುಣಿಕೆ ಜೀನಿನ ಮುಂಭಾಗ ದಾಟಿ ಒಂದು ಗೇಣು ಹಿಂದಕ್ಕೆ ಬಂದ್ರೆ ಸಾಕು. ತೀರಾ ಉದ್ದ ಆದ್ರೆ ಕಾಲಿಗೆ, ರಿಕಾಪಿಗೆ ಸಿಕ್ಕಿಹಾಕ್ಕೊಳ್ಳತ್ತೆ, ತೀರಾ ಗಿಡ್ಡ ಆದ್ರೆ ಕುದುರೆ ಕತ್ತು ಚಾಚಿದಾಗೆಲ್ಲ ನಿಮ್ ಕೈ ಜೊತೇಲೇ ಎಳ್ಕೊಂಡು ಹೋಗತ್ತೆ, ತಪ್ಪು ಮಾಡದೇ ಇರೋ ಕುದುರೆಗೆ ಪೆಟ್ಟು.

ಕುಣಿಕೆ ತಿರುಚಿಕೊಂಡಿಲ್ಲ ಅಂತ ನೋಡ್ಕೊಂಡು, ಉಳಿದ ಹಗ್ಗಾನ ಬಲಕ್ಕೆ ತಂದು ಮೇಲೆತ್ತಿ, ಕುಣಿಕೆ ಬುಡಕ್ಕಿಂತ ಮೂಗಿನ ಕಡೆಗೆ ಇನ್ನೊಂದು ಸುತ್ತು ಹಾಕಿ. ಈ ಸುತ್ತೇ ಲಗಾಮನ್ನ ಲಾಕ್ ಮಾಡೋದು, ಕೆಳಗಿನ ಸುತ್ತುಗಳು ಒಂದು ಕಡೆ, ಇದು ಇನ್ನೊಂದು ಕಡೆ, ನಡುವೆ ಲಗಾಮಿನ ಬುಡ ಸಿಕ್ಕಿಹಾಕ್ಕೊಳ್ಳತ್ತೆ. ಇದನ್ನ ಪೂರ್ತಿ ಬಿಗಿ ಮಾಡೋ ಮೊದ್ಲು ಸ್ವಲ್ಪ ಸಡಿಲ ಇಟ್ಕೊಂಡು, ಹಗ್ಗದ ತುದೀನ ಇದೇ ಸುತ್ತಿನ ಅಡಿಯಿಂದ ತೂರಿಸಿ ಎಡಗಡೆಗೆ ತೆಗೀರಿ. ಹತ್ತಡಿ ಹಗ್ಗ ಪೂರ್ತಿ ಎಳೀಬೇಕು, ಬೇಜಾರಿನ ಕೆಲಸ, ಆದ್ರೆ ಅರ್ಧಕ್ಕೆ ಮಡಚಿ ತೂರಿಸಿ ಬಿಟ್ರೆ ಅದು ಜೀರುಗುಣಿಕೆ ಆಗತ್ತೆ, ಕುದುರೆ ಹಿಡಿದು ನಡೆಸೋವಾಗ ಸರಕ್ಕಂತ ಬಿಚ್ಚಿ ಬರತ್ತೆ. ತುದಿ ಬಂದ್ ಮೇಲೆ ಮೊದ್ಲು ಸುತ್ತನ್ನ ಬಿಗೀರಿ, ಆಮೇಲೆ ಬಾಲಾನ ಎಳೀರಿ, ಇನ್ನೊಂದ್ಸಲ ಎರಡನ್ನೂ. ಎಡಗಡೆನೇ ಯಾಕೆ ಅಂದ್ರೆ ಕುದುರೆ ಹತ್ತೋದು, ಇಳಿಯೋದು, ಹಿಡಿದು ನಡೆಸೋದು ಎಲ್ಲಾ ಎಡಗಡೆಯಿಂದ.

ಕೈಯಲ್ಲೇ ಪರೀಕ್ಷೆ ಮಾಡಿ. ಒಂದೊಂದೇ ಲಗಾಮು ಜಗ್ಗಿ, ಇನ್ನೊಂದು ಕಡೆ ಉದ್ದ ಗಿಡ್ಡ ಆಗ್ಬಾರದು. ಬಾಲ ಜಗ್ಗಿ, ಲಗಾಮಿನ ಕುಣಿಕೆ ಕದಲಬಾರದು. ಇದು ಒಂದೇ ವಿಧಾನ ಅಂತೇನಿಲ್ಲ, ಬಾಲಾನ ಲಗಾಮಿನ ಕೆಳಗಿಂದ ತೆಗೆಯೋರೂ ಇದಾರೆ, ಉಲ್ಟಾ ಸುತ್ತೋರೂ ಇದಾರೆ, ಒಬ್ಬೊಬ್ಬ ಉಸ್ತಾದಂದು ಒಂದೊಂದು ರೀತಿ, ಈ ಜಗ್ಗೋ ಪರೀಕ್ಷೇಲಿ ಪಾಸಾದ್ರೆ ಯಾವ್ದಾದ್ರೂ ಸರಿ. ಕೆಲವರು ಗಂಟಲು ಕೆಳಗಿಂದ ಫಿಯಡೋರ್ ಅಂತ ಇನ್ನೊಂದು ಹುರಿ ಕೂಡ ಹಾಕ್ತಾರೆ, ಕುದುರೆ ತಲೆ ಕೊಡವಿ ಬೋಸಾಲ್ ಕಳಚದೆ ಇರ್ಲಿ ಅಂತ, ಅದು ಟೆಕ್ಸಾಸ್ ಕಡೆಯ ರೂಢಿ. ಅದು ಇದ್ರೆ ಅದರ ಗಂಟು ಹೀಲ್ ನಾಟ್‌ಗೆ ಮೊದ್ಲು, ನಮ್ಮ ಸುತ್ತುಗಳು ಅದರ ಮೇಲಿಂದ.

ಇನ್ನು ಕುದುರೆಗೆ ಹಾಕಿ ನೋಡೋದು, ಜಾಸ್ತಿ ಹೊತ್ತು ಕೊಡ್ಬೇಕಾಗಿರೋದು ಇಲ್ಲಿಗೇ. ಹೆಬ್ಬೆರಳು ತೋರುಬೆರಳಲ್ಲಿ ಕುದುರೆ ಮೂಗಿನ ಮೂಳೆ ಹಿಡ್ಕೊಂಡು ಕಣ್ಣಿನ ಕಡೆಯಿಂದ ನಿಧಾನಕ್ಕೆ ಕೆಳಗೆ ಬನ್ನಿ. ಗಟ್ಟಿ ಗಟ್ಟಿ ಇದ್ದದ್ದು ಒಂದು ಕಡೆ ಇದ್ದಕ್ಕಿದ್ದ ಹಾಗೆ ಮೆತ್ತಗಾಗತ್ತೆ, ಒತ್ತಿದ್ರೆ ಒಳಗೆ ಹೋಗತ್ತೆ, ಅಲ್ಲಿ ಮೂಳೆ ಮುಗೀತು, ಅಲ್ಲಿಂದ ಕೆಳಗೆ ಬರೀ ಮೃದು ಎಲುಬು. ಆ ಗಡಿ ಹತ್ರ ಮೂಳೆ ತುಂಬಾ ತೆಳ್ಳಗೆ, ಚೂಪಾಗಿ ಮುಗಿಯತ್ತೆ. ನೋಸ್ ಬಟನ್ ಆ ಗಡಿಗಿಂತ ಮೇಲೇ ಕೂರ್ಬೇಕು, ಗಟ್ಟಿ ಮೂಳೆ ಮೇಲೆ, ಒಂದೆರಡು ಬೆರಳು ಜಾಗ ಬಿಟ್ಟು. ಕೆಳಗೆ ಇಳಿಸಿದ್ರೆ ಕಂಟ್ರೋಲ್ ಚೆನ್ನಾಗಿರತ್ತೆ ಅಂತ ಹೇಳೋರು ಇದಾರೆ, ಅವರ ಮಾತು ಕೇಳ್ಬೇಡಿ. ಕುದುರೆ ಮನುಷ್ಯರ ಹಾಗೆ ಬಾಯಿಂದ ಉಸಿರಾಡಲ್ಲ, ಮೂಗೊಂದೇ ದಾರಿ, ಅದನ್ನ ಒತ್ತಿ ಹಿಡಿದು ನಿಲ್ಲಿಸೋದು ಕಂಟ್ರೋಲ್ ಅಲ್ಲ, ಗಾಬರಿ. ಎತ್ತರ ಸರಿ ಮಾಡೋದು ಹ್ಯಾಂಗರ್ ಬಕಲ್ಲಲ್ಲಿ, ಬಿಗಿ ಸರಿ ಮಾಡೋದು ಹಗ್ಗದ ಸುತ್ತಲ್ಲಿ, ಇವೆರಡನ್ನೂ ಕಲಸ್ಕೋಬೇಡಿ.

ಬಿಗಿ ನೋಡೋಕೆ ಗದ್ದದ ಕೆಳಗೆ, ಮೇಲಿನ ಸುತ್ತಿಗೂ ದವಡೆಗೂ ನಡುವೆ ಎರಡು ಬೆರಳು ತೂರಿಸಿ. ಆರಾಮಾಗಿ ಹೋದ್ರೆ ಸರಿ. ಮೂರ್ನಾಲ್ಕು ಬೆರಳು ಹೋಗೋ ಅಷ್ಟು ಸಡಿಲ ಇದ್ರೆ ಟ್ರಾಟಲ್ಲಿ ಬೋಸಾಲ್ ಕುಣಿದು ಕುಣಿದು ಮೂಗಿನ ಮೇಲಿನ ಕೂದಲು ಉಜ್ಜಿಹೋಗತ್ತೆ, ಒಂದು ಸುತ್ತು ಸೇರಿಸಿ. ಒಂದು ಬೆರಳೂ ಕಷ್ಟಕ್ಕೆ ಹೋದ್ರೆ ಒಂದು ಸುತ್ತು ತೆಗೀರಿ. ಆಮೇಲೆ ಪಕ್ಕದಲ್ಲಿ ನಿಂತು ನೋಡಿ, ಲಗಾಮು ಸಡಿಲ ಇದ್ದಾಗ ಹೀಲ್ ನಾಟ್ ಗದ್ದಕ್ಕೆ ತಾಗದೆ ಕೆಳಗೆ ನೇತಾಡ್ತಿರ್ಬೇಕು, ಲಗಾಮು ಎತ್ತಿದ್ರೆ ಮೇಲೆ ಬಂದು ತಾಗ್ಬೇಕು, ಬಿಟ್ರೆ ಥಟ್ಟನೆ ಇಳೀಬೇಕು. ಬೋಸಾಲ್ ಕೆಲಸ ಮಾಡೋದೇ ಈ ಹತ್ತಿ ಇಳಿಯೋದ್ರಲ್ಲಿ. ಸದಾ ತಾಗಿಕೊಂಡೇ ಇದ್ರೆ ಕುದುರೆಗೆ ನೀವು ಯಾವಾಗ ಕೇಳಿದ್ರಿ ಯಾವಾಗ ಬಿಟ್ರಿ ಅಂತಾನೇ ಗೊತ್ತಾಗಲ್ಲ, ಸ್ವಲ್ಪ ದಿನಕ್ಕೆ ಅದರ ಮೇಲೆ ಭಾರ ಹಾಕಿ ಎಳೆಯೋಕೆ ಶುರು ಮಾಡತ್ತೆ.

ಹೊಸ ಬೋಸಾಲ್ ಎರಡು ಕೈ ಒತ್ತಾಗಿ ಮುಚ್ಕೊಂಡಿರತ್ತೆ, ಹಾಗೇ ಹಾಕಿದ್ರೆ ಕೆನ್ನೆ ಎರಡೂ ಕಡೆ ಇಕ್ಕಳ ಹಿಡಿದಂಗೆ. ಕುದುರೆ ಮೂತಿ ಅಗಲಕ್ಕೆ ಒಂದು ಮರದ ತುಂಡು ಕೊರೆಸಿ ಒಳಗೆ ಇಟ್ಟು ಒಂದಷ್ಟು ದಿನ ಬಿಟ್ರೆ ಆಕಾರ ಬರತ್ತೆ, ಉಪಯೋಗ್ಸದೇ ಇದ್ದಾಗಲೂ ಅದರ ಮೇಲೇ ಇಡಿ.

ಹತ್ತಿದ್ ಮೇಲೆ ಒಂದೇ ಮಾತು, ಎರಡೂ ಲಗಾಮು ಒಟ್ಟಿಗೆ ಗಟ್ಟಿಯಾಗಿ ಹಿಡಿದು ಎಳೀಬೇಡಿ. ಬೋಸಾಲ್‌ನಲ್ಲಿ ಎಳೆದಾಟಕ್ಕೆ ನಿಂತ್ರೆ ಗೆಲ್ಲೋದು ಕುದುರೆನೇ. ಒಂದು ಸಲಕ್ಕೆ ಒಂದು ಕಡೆ, ಕೇಳಿ, ಬಿಡಿ, ಮತ್ತೆ ಕೇಳಿ.

ಎಡಗಡೆ ಉಳಿದ ಬಾಲ ಏನ್ಮಾಡೋದು ಅಂತ ಎಲ್ರೂ ಕೇಳ್ತಾರೆ. ಸುರುಳಿ ಸುತ್ತಿ ಜೀನಿನ ಮುಂದೆ ದಾರಕ್ಕೆ ಸಿಕ್ಕಿಸ್ಬಹುದು, ಇಲ್ಲ ಮಡಚಿ ಒಂದು ಕುಣಿಕೆ ಮಾತ್ರ ಸೊಂಟದ ಬೆಲ್ಟ್ ಒಳಗೆ ಕೆಳಗಿಂದ ಮೇಲಕ್ಕೆ ತುರುಕ್ಬಹುದು, ಬಿದ್ರೆ ಹಗ್ಗ ಕೈಗೆ ಸಿಗಲಿ ಅಂತ. ಆದ್ರೆ ಬೆಲ್ಟಿಗೆ ಕಟ್ಬೇಡಿ, ಮುಂಗೈಗೆ ಸುತ್ಕೋಬೇಡಿ, ಬೀಳೋವಾಗ ಅದು ಬಿಡಿಸ್ಕೊಂಡು ಬರ್ಲೇಬೇಕು, ಇಲ್ಲಾಂದ್ರೆ ಕುದುರೆ ನಿಮ್ಮನ್ನ ಎಳ್ಕೊಂಡು ಓಡತ್ತೆ. ಈ ಬಾಲ ಇರೋದು ಹಿಡಿದು ನಡೆಸೋಕೆ. ಇದರಿಂದ ಕುದುರೇನ ಕಂಬಕ್ಕೆ ಕಟ್ಟಿ ಟೀ ಕುಡಿಯೋಕೆ ಹೋಗ್ಬೇಡಿ, ಬೆಚ್ಚಿ ಹಿಂದಕ್ಕೆ ಎಳೆದ್ರೆ ಪೂರ್ತಿ ತೂಕ ಮೂಗಿನ ಮೂಳೆ ಮೇಲೆ. ಕಟ್ಟೋಕೆ ಅಂತ ಬೋಸಾಲ್ ಅಡಿಗೆ ಬೇರೆ ಹಾಲ್ಟರ್ ಹಾಕಿರಿ.

ಬೋಸಾಲ್ ಇಲ್ಲ, ಹಗ್ಗದ ಹಾಲ್ಟರ್ ಮಾತ್ರ ಇದೆ ಅನ್ನೋರಿಗೆ ಚಿಕ್ಕದಾಗಿ. ಗದ್ದದ ಕೆಳಗೆ ಹಾಲ್ಟರ್ ಹಗ್ಗ ಎರಡು ಕುಣಿಕೆ ಆಗಿ ಇಳಿದಿರತ್ತಲ್ಲ, 12ರಿಂದ 14 ಅಡಿ ಹಗ್ಗದ ಒಂದು ತುದೀನ ಆ ಎರಡೂ ಕುಣಿಕೆಗೆ ಸೇರಿಸಿ ಬೋಲೈನ್ ಗಂಟು ಹಾಕಿ, ಹಗ್ಗ ಕುತ್ತಿಗೆ ಮೇಲಿಂದ ಆಚೆ ಕಡೆ ದಾಟಿಸಿ, ಅಳತೆ ನೋಡ್ಕೊಂಡು ಇನ್ನೊಂದು ಕಡೆಯೂ ಅಲ್ಲೇ ಬೋಲೈನ್. ಬೋಲೈನ್ ಯಾಕೆ ಅಂದ್ರೆ ಎಳೆದಷ್ಟೂ ಜಾರಿ ಬಿಗಿಯಲ್ಲ, ಎಷ್ಟು ಭಾರ ಬಿದ್ರೂ ಆಮೇಲೆ ಬಿಚ್ಚೋಕೆ ಬರತ್ತೆ. ಆದ್ರೆ ನುಣುಪು ಹಗ್ಗದಲ್ಲಿ ಭಾರ ಇಲ್ಲದಾಗ ಅಲ್ಲಾಡಿ ಅಲ್ಲಾಡಿ ಸಡಿಲ ಆಗ್ಬಹುದು, ಅದಕ್ಕೆ ತುದಿ ಒಂದು ಗೇಣು ಉದ್ದ ಬಿಟ್ಟು ಇನ್ನೊಂದು ಗಂಟು ಹಾಕಿ ಭದ್ರ ಮಾಡಿ. ಕಬ್ಬಿಣದ ಕೊಕ್ಕೆ ಸಿಕ್ಕಿಸೋದು ಸುಲಭ, ಆದ್ರೆ ಅದು ಹೆಜ್ಜೆ ಹೆಜ್ಜೆಗೂ ಗದ್ದಕ್ಕೆ ಟಕ್ ಟಕ್ ಅಂತ ಹೊಡೀತಾ ಇರತ್ತೆ. ಇದರ ತೊಂದರೆ ಏನಂದ್ರೆ ಎಡ ಲಗಾಮು ಎಳೆದ್ರೂ ಬಲ ಎಳೆದ್ರೂ ಒಂದೇ ಕಡೆಯಿಂದ ಎಳೆದಂಗೆ, ಜೋರಾಗಿ ಎಳೆದ್ರೆ ಹಾಲ್ಟರ್ ಪೂರ್ತಿ ತಿರುಗಿ ಪಕ್ಕದ ಹಗ್ಗ ಕಣ್ಣಿನ ಹತ್ರ ಹೋಗತ್ತೆ. ಪಳಗಿದ ಕುದುರೆ ಮೇಲೆ ನಿಧಾನಕ್ಕೆ ಸುತ್ತಾಡೋಕೆ ಸರಿ, ಅಷ್ಟಕ್ಕೇ.

ಕಡಿವಾಣ ಇಲ್ಲದ ಇನ್ನೊಂದು ಥರದ ಲಗಾಮು ಸೈಡ್‌ಪುಲ್, ಅದರ ಮೂಗುಪಟ್ಟಿಗೆ ಎರಡೂ ಕೆನ್ನೆ ಹತ್ರ ರಿಂಗ್ ಇರತ್ತೆ, ಅದು ಕಲಿಯೋರಿಗೆ ಎಲ್ಲಕ್ಕಿಂತ ಸುಲಭ, ಎಡ ಎಳೆದ್ರೆ ಎಡಕ್ಕೆ. ಹಗ್ಗದ ತುದೀಲಿ ಹೊಲಿದ ಕಣ್ಣಿದ್ರೆ ಅದನ್ನ ರಿಂಗಲ್ಲಿ ತೂರಿಸಿ, ಹಗ್ಗದ ಉಳಿದ ಭಾಗ ಪೂರ್ತಿ ಆ ಕಣ್ಣೊಳಗಿಂದ ಎಳೆದು ಬಿಗಿದ್ರೆ ಮುಗೀತು. ಎರಡ್ನೇ ಕಡೆ ಹಾಗೆ ಎಳೆಯೋಕೆ ತುದಿ ಇರಲ್ಲ, ಅಲ್ಲಿ ಬೋಲೈನೇ. ಸ್ಪರ್ಧೆಗೆ ಹೋಗೋರು ಮೊದ್ಲೇ ರೂಲ್ ಬುಕ್ ನೋಡ್ಕೊಳ್ಳಿ, ಎಫ್‌ಇಐ, ಅಂದ್ರೆ ಅಂತರರಾಷ್ಟ್ರೀಯ ಕುದುರೆ ಕ್ರೀಡಾ ಒಕ್ಕೂಟದ ಜಂಪಿಂಗಲ್ಲಿ ಕಡಿವಾಣ ಇಲ್ಲದ ಲಗಾಮಿಗೆ ಅವಕಾಶ ಇದೆ, ಡ್ರೆಸಾಜಲ್ಲಿ (ಕುದುರೆಯಿಂದ ಹೆಜ್ಜೆ, ಚಲನೆ ಮಾಡಿಸಿ ತೋರಿಸೋ ಸ್ಪರ್ಧೆ) ಇಲ್ಲ.

ಬೋಸಾಲ್ ನೋಡ್ಕೊಳ್ಳೋದರ ಬಗ್ಗೆ ಸ್ವಲ್ಪ ಹೇಳ್ಬಿಡ್ತೀನಿ, ಯಾಕಂದ್ರೆ ಅಮೆರಿಕದ ಒಣ ಹವೆಗೆ ಬರೆದಿರೋ ಸಲಹೆ ನಮ್ಮ ಜೂನ್ ಜುಲೈಗೆ ನಡೆಯಲ್ಲ. ಹಸಿ ಚರ್ಮ ನೀರು ಕುಡಿದ್ರೆ ಮೆತ್ತಗಾಗಿ ಆಕಾರ ಕೆಡತ್ತೆ, ಮಲೆನಾಡಿನ ಮಳೇಲಂತೂ ಬೂಷ್ಟು ಗ್ಯಾರಂಟಿ. ಬೆವರು ಒರೆಸಿ, ಸ್ಯಾಡಲ್ ಸೋಪ್ ಒಂಚೂರು ಹಚ್ಚಿ, ನೆರಳಲ್ಲಿ ಗಾಳಿಗೆ ನೇತುಹಾಕಿ, ಬಿಸಿಲಿಗೆ ಬೇಡ, ಪ್ಲಾಸ್ಟಿಕ್ ಕವರಲ್ಲಂತೂ ಬೇಡ್ವೇ ಬೇಡ. ನಾಯಿ, ಇಲಿ ಎರಡಕ್ಕೂ ಹಸಿ ಚರ್ಮ ಅಂದ್ರೆ ಹಬ್ಬ, ಸ್ಟೇಬಲ್ ಗೋಡೆ ಮೊಳೆ ಎತ್ತರಕ್ಕೆ ಇರ್ಲಿ. ಹಗ್ಗದ ಸುತ್ತುಗಳನ್ನ ಪ್ರತಿ ಸಲ ಬಿಚ್ಚೋದು ಬೇಡ, ಆದ್ರೆ ಹೊಸ ಹಗ್ಗ ಮೊದಲ್ನೇ ಸವಾರಿ ಆದ್ ಮೇಲೆ ಚೆನ್ನಾಗಿ ಎಳೆದು ಕೂತಿರತ್ತೆ, ಸುತ್ತುಗಳ ನಡುವೆ ಸಂದಿ ಬಿಟ್ಟಿರತ್ತೆ, ಎರಡ್ನೇ ಸಲ ಹತ್ತೋ ಮೊದ್ಲು ಪೂರ್ತಿ ಬಿಚ್ಚಿ ಇನ್ನೊಂದ್ಸಲ ಕಟ್ಟಿ. ಆಗ ದವಡೆ ಕೆಳಗೆ ಕೈ ಆಡಿಸಿ, ಎಲ್ಲಾದ್ರೂ ಕೂದಲು ಮುರಿದು ಒರಟಾಗಿದ್ಯಾ, ಬಿಸಿ ಇದ್ಯಾ, ಮುಟ್ಟಿದ್ರೆ ತಲೆ ಎತ್ತತ್ತಾ ನೋಡಿ. ಎತ್ತಿದ್ರೆ ಆ ವಾರ ಬೋಸಾಲ್ ಮೊಳೆ ಮೇಲೇ ಇರ್ಲಿ, ಗಾಯ ವಾಸಿಯಾದ್ ಮೇಲೆ ಸುತ್ತಿನ ಲೆಕ್ಕ ಮೊದಲಿಂದ ಶುರು ಮಾಡಿ.